ಹೆಸರಿಲ್ಲದ ನಗೆಮುತ್ತು

"ನೋಡ್ತಿರು, ನಗೆಯ ಚರಿತ್ರೆಯಲ್ಲಿ ಈ ಬ್ಯಾಂಕ್ ಶ್ರೀಪತಿ ಹೆಸರು ಉಳಿದೇ ಉಳಿಯುತ್ತೆ!" ಅಂತ ನಾನು ಘೋಷಿಸಿದ್ದು ಕೊಚ್ಚಿಯ ನಮ್ಮ ಅಡುಗೆಮನೆಯಲ್ಲಿ. ಕೇಳಿಸಿಕೊಂಡವಳು ಹೆಂಡತಿ ಕಮಲ ಒಬ್ಬಳೇ. ಅವಳೂ ಮಿಕ್ಸಿ ಆನ್ ಮಾಡಿದಳು.

ಕೊಚ್ಚಿ, ತಿರುವನಂತಪುರದ ಕನ್ನಡಿಗರ ವಾಟ್ಸಾಪ್ ಗುಂಪು ನಮ್ಮದು. "ಐದಾರು ವರ್ಷದ ಹಳೇ ಮೆಸೇಜುಗಳಲ್ಲಿ ನಗು ಬಂದದ್ದನ್ನು ಹೆಕ್ಕಿ ಕಳಿಸಿ, ಬರೆದವರ ಹೆಸರು ಬೇಡ" ಅಂದಿದ್ದೆ. ಬಂದವು ನೂರಾಹನ್ನೆರಡು! ಭಾನುವಾರ ತಿರುವನಂತಪುರದಲ್ಲಿ ಬಳಗದ ಕೂಟ, ಅಲ್ಲಿ ನನ್ನದೇ ವಾಚನ.

"ರೀ, ಯಜ್ಞನಾರಾಯಣರ ಮೆಸೇಜು ಏನಾದ್ರೂ ಓದಿಬಿಟ್ಟೀರಾ!" ಕಮಲ ಗದರಿದಳು. "ನಿಮಗೆ ತಿರುವನಂತಪುರಕ್ಕೇ ಟ್ರಾನ್ಸ್‌ಫರ್ ಆಗಿದೆ. ಅಲ್ಲಿ ಅವರ ಮಹಡಿ ಮನೆ ಬಾಡಿಗೆಗೆ ಕೇಳಿದ್ದೀವಿ. ಇನ್ನೂ ಹ್ಞೂಂ ಅಂದಿಲ್ಲ!"

ಯಜ್ಞನಾರಾಯಣರು ತಿರುವನಂತಪುರದ ಪಕ್ಕದ ತುಂಬ ಎಂಬಲ್ಲಿ ರಾಕೆಟ್ ಹಾರಿಸಿ ನಿವೃತ್ತರಾದ ವಿಜ್ಞಾನಿ. ಅವರು ಬರೆಯೋದು ಹೀಗೆ: "ಇಡ್ಲಿ ಹಿಟ್ಟು ಉಬ್ಬಿಲ್ಲ. ತೇವಾಂಶ ಶೇಕಡಾ ಎಪ್ಪತ್ತೆಂಟು. ಚರ್ಚಿಸಿರಿ."

"ಅವರ ಶೈಲಿ ನನಗೆ ಗೊತ್ತಿಲ್ವೇನೇ?" ಎಂದು ಅಂಕಿ ಕಂಡದ್ದನ್ನೆಲ್ಲ ಕಿತ್ತುಹಾಕಿದೆ.

ಭಾನುವಾರ ಮೈಕ್ ಹಿಡಿದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ: "ನಾಳೆ ಕೇರಳದಲ್ಲಿ ಹರ್ತಾಳವಂತೆ, ಅಂದ್ರೆ ಬಂದ್. ನಾವು ಕನ್ನಡದವರು. ನಮಗೂ ಅನ್ವಯಿಸುತ್ತದೆಯೇ?"

ಜನ ಬಿದ್ದು ಬಿದ್ದು ನಕ್ಕರು. ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಿದ್ದವರಿಗೆ ನೆತ್ತಿಗೇರಿತು. ನನಗೋ ಹುಮ್ಮಸ್ಸು! "ಇಂಥ ಪುಣ್ಯಾತ್ಮನ ಜೊತೆ ಆ ಹೆಂಡತಿ ಹೇಗೆ ಸಂಸಾರ ಮಾಡ್ತಿದ್ದಾಳೋ, ಪಾಪ!" ಎಂದೆ.

ಮುಂದಿನ ಸಾಲಿನಲ್ಲಿ ಯಜ್ಞನಾರಾಯಣರು ಎದ್ದು ನಿಂತರು. ಮುಖದಲ್ಲಿ ನಗುವಿಲ್ಲ. "ಯಾರ್ರೀ ಇದನ್ನ ಬರೆದದ್ದು?"

ಅಯ್ಯಯ್ಯೋ, ಇವರದ್ದೇ! ಮನೆ ಹೋಯ್ತು! ತಕ್ಷಣ ಮಾತು ತಿರುಗಿಸಿದೆ.

"ಸಾರ್, ಬರೆದವರು ಮಹಾ ಮೇಧಾವಿ! ಎಂಥ ಮೂಲಭೂತ ಪ್ರಶ್ನೆ! ಆ ಹೆಂಡತಿ ಏಳು ಜನ್ಮದ ಪುಣ್ಯ ಮಾಡಿರಬೇಕು!"

"ಹೊಗಳಿಕೆ ಇರಲಿ, ಆಧಾರ ನೋಡೋಣ" ಎಂದು ಅವರು ಫೋನಿನಲ್ಲಿ ಹುಡುಕತೊಡಗಿದರು. ಮೂರನೇ ಸಾಲಿನಲ್ಲಿ ಕಮಲ ಯಾಕೋ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಸಿಕ್ತು! ಆರು ವರ್ಷದ ಹಿಂದಿನದು. ಬರೆದವರು..." ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು, "ಬ್ಯಾಂಕ್ ಶ್ರೀಪತಿ, ಕೊಚ್ಚಿ."

ಕೊಚ್ಚಿಗೆ ಬಂದ ಹೊಸದರಲ್ಲಿ ಕೇಳಿದ್ದೆ ಕಣ್ರೀ! ಮರೆತೇ ಹೋಗಿತ್ತು! ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ನಾನು ಮೈಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಯಜ್ಞನಾರಾಯಣರು ನೆಟ್ಟಗೆ ಕಮಲಳ ಬಳಿ ಹೋಗಿ, ಜೇಬಿನಿಂದ ಬೀಗದ ಕೈ ತೆಗೆದು ಅವಳ ಕೈಗಿಟ್ಟರು. "ತಗೋ ತಾಯಿ, ಮನೆ ನಿನಗೆ ಕೊಟ್ಟೆ. ಯಜಮಾನರನ್ನ ಜೊತೆಗೆ ಕರ್ಕೊಂಡು ಬರೋದು, ಬಿಡೋದು ನಿನಗೆ ಬಿಟ್ಟಿದ್ದು."

ಕಮಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂದು ವಾರ ಟೈಮ್ ಕೊಡಿ ಸಾರ್, ಯೋಚನೆ ಮಾಡಿ ಹೇಳ್ತೀನಿ!"