ಅತ್ತೆಯ ಕಟ್ಟ-ಕಡಾ

ನಮ್ಮ ಅತ್ತೆಗೆ ದೇವರು ಬಾಯಿ ಕೊಟ್ಟದ್ದು ಎಲೆ ಅಡಿಕೆ ಹಾಕಿಕೊಳ್ಳಲಿಕ್ಕೆ ಮಾತ್ರ. ಮಾತಾಡಲಿಕ್ಕೆ ಆಕೆ ಬೇರೆಯದೇ ಏರ್ಪಾಟು ಮಾಡಿಕೊಂಡಿದ್ದಾಳೆ!

ನಂಬುವುದಿಲ್ಲವೇ? ಹಾಗಿದ್ದರೆ ಒಂದು ದಿನ ಇಂಡಿಗೆ ಬನ್ನಿ. ಬೆಳಗ್ಗೆ ಆರೂವರೆಗೆ ಆಕೆಯ ಮನೆ ಮುಂದೆ ನಿಂತುಕೊಳ್ಳಿ. ಒಳಗಿನಿಂದ ಪೆಟ್ಟಿಗೆಯೊಂದು ಹಸಿದ ಕೋಳಿಮರಿಯ ಹಾಗೆ 'ಪಿ ಪೀ, ಪೀ ಪಿ' ಎಂದು ಕೂಗುವುದು ಕೇಳಿಸುತ್ತದೆ. ಅದೇ ನಮ್ಮ ಅತ್ತೆಯ ಮಾತು. ಸಣ್ಣ ಬಡಿತಕ್ಕೆ 'ಕಟ್ಟ', ಉದ್ದ ಬಡಿತಕ್ಕೆ 'ಕಡಾ'. ಒಂದು ಕಟ್ಟ ಒಂದು ಕಡಾ ಸೇರಿದರೆ ಒಂದು ಅಕ್ಷರ, ಅಕ್ಷರ ಅಕ್ಷರ ಸೇರಿದರೆ ಮಾತು. ಓದಿದವರು ಇದಕ್ಕೆ ಮೋರ್ಸ್ ಅನ್ನುತ್ತಾರೆ. ನಮ್ಮ ಓಣಿಯವರು 'ಅಕ್ಕಾರಿಗೆ ಹುಚ್ಚು ಸ್ವಲ್ಪ ಐತಿ' ಅನ್ನುತ್ತಾರೆ.

ಅತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತು ವರ್ಷ ತಾರ್ ಆಫೀಸಿನಲ್ಲಿ ಕೂತು ಟೆಲಿಗ್ರಾಮಿನ ಕಟ್ಟ-ಕಡಾ ಬಡಿದವಳು. ಆಗ ತಾರು ಬಂತೆಂದರೆ ಬಹುಪಾಲು ಸಾವಿನ ಸುದ್ದಿಯೇ. ಯಾರ ಮನೆಯವರು ಎಲ್ಲಿ ತೀರಿಕೊಂಡರೆಂದು ಇಡೀ ಊರಿಗೆ ಮೊದಲು ತಿಳಿಯುತ್ತಿದ್ದದ್ದು ಆಕೆಗೆ. ಹೀಗಾಗಿ ಬಜಾರದಲ್ಲಿ ಎದುರಾದ ಜನ ನಮಸ್ಕಾರಕ್ಕಿಂತ ಮೊದಲು ಆಕೆಯ ಮುಖ ಓದುತ್ತಿದ್ದರಂತೆ. ಒಮ್ಮೆ ಹಲ್ಲುನೋವು ಎಂದು ಮುಖ ಕಿವುಚಿಕೊಂಡು ಕಿರಾಣಿ ಅಂಗಡಿಗೆ ಹೋಗಿದ್ದಾಳೆ. ಅಂಗಡಿಯವನು ತಕ್ಕಡಿ ಕೈಬಿಟ್ಟು, "ಯವ್ವಾ, ನಮ್ಮಪ್ಪ ಹೋದನೇನ್ರಿ?" ಎಂದು ಗೊಳೋ ಎಂದು ಅಳಲು ಶುರುಮಾಡಿದನಂತೆ. ಅಪ್ಪ ಹಿಂದಿನ ಕೋಣೆಯಲ್ಲಿ ಬೆಲ್ಲ ಒಡೆಯುತ್ತಿದ್ದ!

ಆಕೆಯನ್ನು ನೋಡಲು ತಾಂಬಾದಿಂದ ಒಂದು ಗಂಡಿನ ಕಡೆಯವರು ಬಂದಿದ್ದರಂತೆ. "ಹಾಡು ಬರ್ತಾವೇನವಾ?" ಎಂದು ಕೇಳಿದರು. "ಹಾಡು ಬರೂದಿಲ್ರಿ, ತಾರು ಬರ್ತೈತಿ," ಎಂದು ಅತ್ತೆ ಅವಲಕ್ಕಿ ತಾಟಿನ ಮೇಲೆ ಚಮಚೆಯಿಂದ ಬಾರಿಸಿ ತೋರಿಸಿದಳು. ಗಂಡಿನ ತಾಯಿ ಅದನ್ನು ಅಪಶಕುನವೆಂದು ತಿಳಿದು ಅವಲಕ್ಕಿ ಅಲ್ಲೇ ಬಿಟ್ಟು ಎದ್ದರು. ಈ ಕಥೆ ಹೇಳುವಾಗ ಅತ್ತೆ ಈಗಲೂ ನಗುತ್ತಾಳೆ. ಕೇಳುವವರು ಪೂರ್ತಿ ನಗಲಾರರು.

ಮುಂದೆ ಅತ್ತೆ ನಿವೃತ್ತಳಾದಳು, ಆಮೇಲೆ ತಾರು ಸೇವೆಯೇ ನಿಂತುಹೋಯಿತು. ಊರಿನಲ್ಲಿ ಅದಕ್ಕಾಗಿ ಮೂರು ದಿನ ಊಟ ಬಿಟ್ಟವಳು ಆಕೆಯೊಬ್ಬಳೇ. ನಾಲ್ಕನೆಯ ದಿನ ಎದ್ದು ವಿಜ್ಞಾನದ ಪುಸ್ತಕ ತರಿಸಿದಳು. ಮನೆಯಿಂದಲೇ ಕಟ್ಟ-ಕಡಾ ಬಾರಿಸಬಹುದಾದ ಹವ್ಯಾಸಿ ರೇಡಿಯೋದ ಪರೀಕ್ಷೆ ಕಟ್ಟಿ ಪಾಸಾದಳು, ಲೈಸೆನ್ಸು ಪಡೆದಳು, ಸೆಟ್ಟು ಕೊಂಡಳು, ಬಡಿಯಲಿಕ್ಕೆ ತಾರ್ ಆಫೀಸಿನಂಥದೇ ಒಂದು 'ಕೀ' ಜೋಡಿಸಿದಳು. ಬೇವಿನ ಗಿಡದಿಂದ ನೀರಿನ ಟಾಕಿಯವರೆಗೆ ಏರಿಯಲ್ ತಂತಿ ಎಳೆಸಿದಳು. ಪಕ್ಕದ ಮನೆಯವರು ಅದರ ಮೇಲೆ ಕೌದಿ ಒಣಹಾಕಿದ ದಿನ ಮಾತ್ರ ಆಕೆಗೆ ಬಾಯಿಯ ನೆನಪಾಗುತ್ತಿತ್ತು. ಆ ಮಾತುಗಳನ್ನು ನಾನಿಲ್ಲಿ ಬರೆಯಲಾರೆ!

ನಾನು ಸಿಂದಗಿಯಲ್ಲಿ ಶಾಲೆ ಟೀಚರು. ರಜೆ ಬಂತೆಂದರೆ ಇಂಡಿಗೆ ಹೋಗುವುದು ವಾಡಿಕೆ. ಸಣ್ಣವಳಿದ್ದಾಗ ಅತ್ತೆ ನನಗೂ ಕಟ್ಟ-ಕಡಾ ಕಲಿಸಿದ್ದಳು. ಅದರಿಂದ ಉಪಕಾರವಾಯಿತೋ ಇಲ್ಲವೋ, ಅಪಾಯವಂತೂ ಆಗಿದೆ. ಲಚ್ಯಾಣದಲ್ಲಿ ಬಳಗದ ಹಿರಿಯರೊಬ್ಬರು ತೀರಿಕೊಂಡಾಗ ಇಬ್ಬರೂ ಹೋಗಿದ್ದೆವು. ಹೆಣದ ಮುಂದೆ ಭಜನೆ ನಡೆದಿತ್ತು. ತಾಳದವನು ಒಂದೇ ಸವನೆ ಉದ್ದ, ಸಣ್ಣ, ಉದ್ದ ಎಂದು ಬಾರಿಸುತ್ತಿದ್ದ. ಅತ್ತೆ ನನ್ನ ಕಿವಿಗೆ ಬಾಗಿದಳು.

"ಕೇಳಿದೇನು? ಕಡಾ ಕಟ್ಟ ಕಡಾ. 'ನಂದು ಮುಗೀತು, ಇನ್ನ ನೀವು ಮಾತಾಡ್ರಿ' ಅಂತ ಹೆಣಕ್ಕ ಹೇಳಾಕತ್ತಾನ!"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡೆ. ಹೆಗಲು ಕುಣಿಯುವುದನ್ನು ಕಂಡ ಹೆಂಗಸರು ನಾನು ಅಳುತ್ತಿದ್ದೇನೆಂದು ತಬ್ಬಿಕೊಂಡು ಸಮಾಧಾನ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅತ್ತೆಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಎಷ್ಟ ಸಲ ಕೇಳ್ತಾನ, ಆ ಕಡಿಂದ ಉತ್ತರ ಇಲ್ಲ ನೋಡು," ಅಂದಳು.

ಇಂಥ ಅತ್ತೆಗೂ ಉತ್ತರ ಕೊಡುವವರೊಬ್ಬರಿದ್ದರು. ನಾಲತವಾಡದ ಮಾಸ್ತರರು. ನಿವೃತ್ತ ವಿಜ್ಞಾನ ಶಿಕ್ಷಕರು, ಮುಸಲ್ಮಾನರು, ಅತ್ತೆಗಿಂತ ಎರಡು ವರ್ಷ ದೊಡ್ಡವರು. ಹತ್ತು ವರ್ಷದಿಂದ ದಿನಾ ಬೆಳಗ್ಗೆ ಆರೂವರೆಗೆ ರೇಡಿಯೋದಲ್ಲಿ ಇಬ್ಬರೂ ಭೇಟಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ಚಹಾ ಆಯಿತೇ, ಬಿಸಿಲು ಎಷ್ಟಿದೆ, ಮೊಣಕಾಲು ಹೇಗಿದೆ. ಇಷ್ಟೇ! ಒಮ್ಮೆಯೂ ಮುಖ ನೋಡಿದವರಲ್ಲ. ಫೋನು ಮಾಡಬಾರದೇ ಎಂದು ಕೇಳಿದರೆ ಅತ್ತೆ, "ರೇಡಿಯೋದಾಗ ಗುರುತಾದವ್ರಿಗೆ ಫೋನ್ ಮಾಡೂದು ಅಂದ್ರ ಹಿತ್ತಲ ಬಾಗಲಾ ಬಡದಂಗ," ಅನ್ನುತ್ತಿದ್ದಳು.

ಕಟ್ಟ-ಕಡಾದಲ್ಲಿ ಒಬ್ಬೊಬ್ಬರದು ಒಂದೊಂದು ಲಯ. ಕೈಬರಹ ಇದ್ದ ಹಾಗೆ. ಹೆಸರು ಹೇಳದಿದ್ದರೂ ಬಡಿತ ಕೇಳಿ ಯಾರೆಂದು ತಿಳಿಯುತ್ತದೆ. ಮಾಸ್ತರರ ಕೈ ಮುತ್ತು ಪೋಣಿಸಿದ ಹಾಗೆ ಎಂದು ಅತ್ತೆಯ ಹೊಗಳಿಕೆ. ಹೋದ ವರ್ಷ ನಾನು ಅಲ್ಲಿದ್ದ ಒಂದು ಬೆಳಗ್ಗೆ ಆ ಕೈ ಎಡವತೊಡಗಿತು. ಒಂದು ಕಟ್ಟ ಇರಬೇಕಾದಲ್ಲಿ ಮೂರು. ಅತ್ತೆ ಬಿಡುವವಳೇ? ತಕ್ಷಣ ಬಾರಿಸಿದಳು: "ಏನ್ರಿ ಮಾಸ್ತರ, ಮುಂಜ ಮುಂಜಾನೆ ಕೈಗೆ ಕುಡಿಸೀರೇನು?" ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯನಿಗೆ! ಆ ಕಡೆಯಿಂದ ನಗುವಿನ ಎರಡು ಅಕ್ಷರ ಬಂದವು. ಅತ್ತೆ ಇಡೀ ದಿನ ಖುಷಿಯಲ್ಲಿದ್ದಳು.

ಮರುದಿನ ಮಾಸ್ತರರು ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರದ ಮೇಲೆ ಒಂದು ಪತ್ರ ಬಂತು. 'ಮಾನ್ಯರೇ, ಇನ್ನು ಮುಂದೆ ನಾನು ಕಂಪ್ಯೂಟರಿನ ಡಿಜಿಟಲ್ ಪದ್ಧತಿಯಲ್ಲಿ ಮಾತ್ರ ಲಭ್ಯ. ಅದು ಬಹಳ ಸೊಗಸಾಗಿದೆ. ತಾವೂ ಕಲಿಯಬೇಕು.' ಪತ್ರ ಕೂಡ ಕಂಪ್ಯೂಟರಿನಲ್ಲಿ ಅಚ್ಚಾಗಿತ್ತು.

"ಸಹಿ ಸೈತ ಮಷೀನಿಂದು!" ಅತ್ತೆ ಪತ್ರವನ್ನು ನನ್ನ ಮುಂದೆ ಒಗೆದಳು. "ಏನಂತ ಅದು, ಡಿಜಿಟಲ್?"

ನನಗೆ ತಿಳಿದಷ್ಟು ಹೇಳಿದೆ. ರೇಡಿಯೋಗೆ ಲ್ಯಾಪ್‌ಟಾಪು ಜೋಡಿಸುತ್ತಾರೆ. ಹದಿನೈದು ಸೆಕೆಂಡಿಗೊಮ್ಮೆ ಅದೇ ಸೀಟಿ ಹೊಡೆಯುತ್ತದೆ, ಆ ಕಡೆಯ ಲ್ಯಾಪ್‌ಟಾಪು ತಾನೇ ಓದಿಕೊಳ್ಳುತ್ತದೆ. ತೆರೆಯ ಮೇಲೆ ಅವರ ಗುರುತು, ದನಿ ಎಷ್ಟು ಜೋರಾಗಿದೆ ಎಂಬ ಅಂಕಿ, ಒಂದು ನಮಸ್ಕಾರ. ಮುಗಿಯಿತು.

"ಮತ್ತ ಚಹಾ ಆತೇನಂತ ಯಾವಾಗ ಕೇಳೂದು?"

"ಅದಕ್ಕ ಜಾಗಾ ಇರೂದಿಲ್ಲತ್ತಿ."

"ಹಂಗಾದ್ರ ಇದು ಮಾತಲ್ಲ, ಹಾಜರಿ! ರಿಟೈರಾದ ಮ್ಯಾಲೂ ಮಾಸ್ತರಿಕಿ ಬಿಟ್ಟಿಲ್ಲ ನೋಡು!"

ನಾನು ನಕ್ಕೆ. ಅತ್ತೆ ನಗಲಿಲ್ಲ. ಆದರೂ ದಿನಾ ಆರೂವರೆಗೆ ಸೆಟ್ಟಿನ ಮುಂದೆ ಕೂತು ಹಳೆಯ ಜಾಗದಲ್ಲೇ, ಅಂದರೆ ಇಬ್ಬರೂ ಮಾತಾಡುತ್ತಿದ್ದ ಅದೇ ಫ್ರೀಕ್ವೆನ್ಸಿಯಲ್ಲಿ, ಮಾಸ್ತರರನ್ನು ಕರೆಯುತ್ತಿದ್ದಳು. ಕೂಗಿ, ಕಿವಿಗೊಟ್ಟು, ಮತ್ತೆ ಕೂಗಿ, ಏಳೂವರೆಗೆ ಏಳುತ್ತಿದ್ದಳು. ಯಾವ ಉತ್ತರವೂ ಇಲ್ಲ. ಒಮ್ಮೊಮ್ಮೆ ಪಕ್ಕದಲ್ಲೆಲ್ಲೋ ಆ ಸೀಟಿ ಕೇಳುತ್ತಿತ್ತು. ಅದರಲ್ಲಿ ಮಾಸ್ತರರಿದ್ದರೂ ಇರಬಹುದು, ಆಕೆಯ ಕಿವಿಗೆ ಅದು ಬರೀ ಸೀಟಿ. ಮೂರು ತಿಂಗಳಲ್ಲಿ ಅತ್ತೆ ಇಳಿದುಹೋದಳು. ಬೇವಿನ ಗಿಡದ ತಂತಿಯ ಮೇಲೆ ಎರಡು ಕೌದಿ ಒಣಗುತ್ತಿದ್ದರೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಬೇಸಿಗೆಯಲ್ಲಿ ನನಗೆ ಮುದ್ದೇಬಿಹಾಳದಲ್ಲಿ ಒಂದು ತರಬೇತಿ ಬಂತು. ಮಾತಿಗೆ ಹೇಳಿದೆ ಅಷ್ಟೇ. ಅತ್ತೆ ತಟ್ಟನೆ ಎದ್ದು ಕೂತಳು.

"ನಾಲತವಾಡ ಅಲ್ಲಿಂದ ಹತ್ರ ಅಲ್ಲೇನು? ನಾನೂ ಬರ್ತೇನಿ."

"ಮಾಸ್ತರ ಕಡೆ ಹೋಗೂದೇನು?"

"ಜಗಳಾ ಆಡಾಕ!"

ಸಿಂದಗಿಯಿಂದ ಇಬ್ಬರೂ ಬಸ್ಸು ಹತ್ತಿದೆವು. ಬಸವನ ಬಾಗೇವಾಡಿಯ ತನಕ ಅತ್ತೆ ಜಗಳದ ತಾಲೀಮು ನಡೆಸಿದಳು. ಹೇಗೆ? ಮುಂದಿನ ಸೀಟಿನ ಕಂಬಿಗೆ ಉಂಗುರ ಬಡಿದು! ದಾರಿಯಲ್ಲಿ ಜೋಳದ ಕೂಳೆ ಬಿಟ್ಟರೆ ಮತ್ತೇನೂ ಇಲ್ಲದ ಬಟಾಬಯಲಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಬಂದ. "ಇಳೀರಿ ಯವ್ವಾ."

"ಇಲ್ಲಿ ಯಾಕ ಇಳೀಲಿ?"

"ಅರ್ಧ ತಾಸಿಂದ ನಿಂದರಸ್ರಿ ಅಂತ ಬಡ್ಯಾಕತ್ತೀರಲ್ಲ!"

"ನಿನಗಲ್ಲೋ ತಮ್ಮಾ, ಮಾಸ್ತರಿಗೆ," ಎಂದಳು ಅತ್ತೆ. ಬಸ್ಸಿನವರೆಲ್ಲ ಮಾಸ್ತರರನ್ನು ಹುಡುಕುತ್ತ ಹಿಂದೆ ಮುಂದೆ ನೋಡಿದರು.

ನಾಲತವಾಡದಲ್ಲಿ ಬಾಗಿಲು ತೆರೆದವರು ಮಾಸ್ತರರ ಹೆಂಡತಿ. ಇಂಡಿಯಿಂದ ಬಂದೆವು ಎಂದದ್ದೇ ತಡ, ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಬರ್ರಿ ಬಾಯಾರ! ನಿಮ್ಮ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ."

ಒಳಗೆ ಕಟ್ಟಿಗೆಯ ಕುರ್ಚಿಯಲ್ಲಿ ಬಿಳಿ ಟೊಪ್ಪಿಗೆಯ ಸಣಕಲು ಮನುಷ್ಯರೊಬ್ಬರು ಕೂತಿದ್ದರು. ಆ ಬಿಸಿಲಿನಲ್ಲೂ ತೊಡೆಯ ಮೇಲೆ ಶಾಲು. ಏಳಲು ನೋಡಿದರು, ಆಗಲಿಲ್ಲ.

"ಮಾಸ್ತರ, ಜಗಳಾ ಆಡಾಕ ಬಂದೇನಿ," ಅತ್ತೆ ನಿಂತಲ್ಲಿಂದಲೇ ಹೇಳಿದಳು.

"ಆಡ್ರಿ ಬಾಯಾರ. ಮೊದಲ ಕೂಡ್ರಿ."

"ಕೂತ್ರ ಸಿಟ್ಟು ಇಳಿತೈತಿ!"

ನಿಂತೇ ಶುರುವಾಯಿತು. ಹತ್ತು ವರ್ಷದ ಮಾತನ್ನು ಒಂದು ಪತ್ರದಲ್ಲಿ ಕತ್ತರಿಸುವುದೇ? ಮೂರು ತಿಂಗಳು ಕೂಗಿದರೂ ಓ ಅನ್ನಬಾರದೇ? ಮಷೀನು ಬಂತೆಂದು ಮನುಷ್ಯರನ್ನು ಬಿಡುವುದೇ? ಮಾಸ್ತರರು ತಲೆ ತಗ್ಗಿಸಿ ಕೇಳುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ನಮಗೆ ಕೊಟ್ಟು, ಗಂಡನ ಕಪ್ಪನ್ನು ತಾವೇ ಹಿಡಿದು ತುಟಿಗೆ ಹಚ್ಚಿದರು. ಶಾಲು ಜಾರಿತು. ಅವರ ಬಲಗೈ ಕುರ್ಚಿಯ ತೋಳಿನ ಮೇಲೆ ಬಿತ್ತು. ಬೆರಳಿನ ಬೆಳ್ಳಿ ಉಂಗುರ ಕಟ್ಟಿಗೆಗೆ ತಾಗಿ ಟಕ ಟಕ ಟಕ ಟಕ ಎನ್ನತೊಡಗಿತು. ನಿಲ್ಲಲೇ ಇಲ್ಲ.

ಅತ್ತೆ ಮಾತನ್ನು ಮಧ್ಯದಲ್ಲೇ ನಿಲ್ಲಿಸಿಬಿಟ್ಟಳು. ಕಿವಿ ಆ ಕಡೆ ವಾಲಿತು. ನನಗೂ ತಿಳಿಯಿತು. ಕಟ್ಟ-ಕಡಾದಲ್ಲಿ ಬಾರಿಸುವವರು ಎಡವಿದರೆ ಬಿಡದೆ ಎಂಟು ಸಲ ಕಟ್ಟ ಬಾರಿಸಬೇಕು. 'ತಪ್ಪಾಯಿತು' ಎಂದು ಅದರ ಅರ್ಥ.

"ತಿಳೀತಲ್ಲರಿ ನಿಮಗ?" ಮಾಸ್ತರರು ನಗಲು ನೋಡಿದರು. "ಮುಂಜಾನಿಂದ ಸಂಜೀತನಕಾ ಇದಾ ಹಾಡು. ತಪ್ಪಾತು, ತಪ್ಪಾತು, ತಪ್ಪಾತು. ಯಾರಿಗೆ ಏನ್ ತಪ್ಪು ಮಾಡೇನೋ ಗೊತ್ತಿಲ್ಲ."

"ಯಾವಾಗಿಂದ?"

"ವರ್ಷ ದಾಟ್ತು. ಮೊದಮೊದಲ ಹೆಂಗೋ ತಡಕೊಂಡು ಬಾರಸ್ತಿದ್ದೆ. ಔಷಧ ನಡದೈತಿ. ವಾಸಿ ಆಗೂದಲ್ಲಂತ ಡಾಕ್ಟರು ಮೊದಲ ಹೇಳ್ಯಾರ. ಅವತ್ತ ನೀವು ಕೈಗೆ ಕುಡಿಸೀರೇನು ಅಂತ ಕೇಳಿದ್ರಿ. ನಾನೂ ನಕ್ಕೆ. ಮರುದಿನ ಕೀ ಮುಂದ ಕೂತೆ, ಧೈರ್ಯ ಬರಲಿಲ್ರಿ. ಕಂಪ್ಯೂಟರದಾಗ ಒಂದ ಗುಂಡಿ ಒತ್ತಿದ್ರ ಮುಗೀತು. ಒತ್ತೂ ಬೆರಳು ನಡಗತೈತೋ ಇಲ್ಲೋ, ಅದು ಯಾರಿಗೂ ಹೇಳೂದಿಲ್ಲ."

ಅತ್ತೆ ಮೆಲ್ಲಗೆ ನೆಲದ ಮೇಲೆ ಕೂತಳು. ಉಂಗುರ ಟಕ ಟಕ ಎನ್ನುತ್ತಲೇ ಇತ್ತು.

"ತಪ್ಪು ನಂದ್ರಿ ಮಾಸ್ತರ," ಎಂದಳು ಕಡೆಗೆ.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. "ಮನಸ್ಸಾದ ದಿನ ಹಳೇ ಜಾಗಕ್ಕ ಬರ್ರಿ. ಎಡವಿದ್ದೆಲ್ಲಾ ನಾ ತಿದ್ದಿಕೊಂಡು ಓದತೇನಿ."

ಮರಳುವಾಗ ಬಸ್ಸು ಎಲ್ಲೂ ತಪ್ಪಿ ನಿಲ್ಲಲಿಲ್ಲ. ಬಾಗೇವಾಡಿ ನಿಲ್ದಾಣದಲ್ಲಿ ಅತ್ತೆ ನನ್ನ ಕಡೆ ನೋಡದೆಯೇ ಕೇಳಿದಳು. "ಆ ಹಾಜರಿ ಹಾಕೂದು ನಿನಗ ಬರ್ತೈತೇನು?"

ನನ್ನ ಹಳೆಯ ಲ್ಯಾಪ್‌ಟಾಪನ್ನು ಇಂಡಿಗೆ ಒಯ್ದು ಎರಡು ಭಾನುವಾರ ಹೆಣಗಿ ಜೋಡಿಸಿದೆ. ಮೊದಲ ದಿನವೇ ತೆರೆಯ ಮೇಲೆ ಮಾಸ್ತರರ ಗುರುತು ಮೂಡಿತು. ಅದರ ಮುಂದೆ ಮೈನಸ್ ಹತ್ತೊಂಬತ್ತು.

"ಇದೇನ ಮೈನಸ್? ಮಾಸ್ತರು ನನ್ನ ಫೇಲ್ ಮಾಡ್ಯಾರೇನು?"

"ಅಲ್ಲತ್ತಿ. ಅವರ ದನಿ ಅಷ್ಟು ಸಣ್ಣಗೈತಿ. ನಮ್ಮ ಕಿವಿಗೆ ಏನೇನೂ ಕೇಳೂದಿಲ್ಲ. ಆದ್ರೂ ಇದು ಹಿಡೀತೈತಿ."

ಅತ್ತೆ ಆ ಅಂಕಿಯನ್ನು ನೋಡುತ್ತ ಕೂತಳು. "ಹಂಗಾದ್ರ ಇದನ್ನ ಅಷ್ಟು ಬೈಬಾರದಿತ್ತು," ಅಂದಳು. ಅಂದಿನಿಂದ ದಿನಾ ಹಾಜರಿ ನಡೆಯಿತು. ಚಹಾದ ವಿಚಾರ ಇಲ್ಲ, ಮೊಣಕಾಲಿನ ವಿಚಾರ ಇಲ್ಲ. ಇದ್ದೀರಾ? ಇದ್ದೇನೆ. ಅಷ್ಟೇ. ಅಂಕಿ ಕೆಳಗಿಳಿದ ದಿನ ಆಕೆಗೆ ಊಟ ಸೇರುತ್ತಿರಲಿಲ್ಲ. ಹವಾಮಾನದಿಂದ ಹಾಗಾಗುತ್ತದೆಂದು ಎಷ್ಟು ಹೇಳಿದರೂ ಕೇಳಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಹಾಜರಿ ಮುಗಿಸಿ, ರೂಢಿಯಂತೆ ಸೆಟ್ಟನ್ನು ಹಳೆಯ ಜಾಗಕ್ಕೆ ತಿರುಗಿಸಿಟ್ಟು ಅತ್ತೆ ಏಳುವುದರಲ್ಲಿದ್ದಳು. ಅಲ್ಲಿ ಸದ್ದಾಯಿತು. ಕಟ್ಟ ಕಟ್ಟ ಕಟ್ಟ ಕಡಾ, ಒಂದಷ್ಟು ನಿಶ್ಶಬ್ದ, ಮತ್ತೆ ಸುರಿಮಳೆಯಂತೆ ಕಟ್ಟ. ನನಗೆ ಒಂದು ಅಕ್ಷರವೂ ಹತ್ತಲಿಲ್ಲ. ಅತ್ತೆ ಹಾಳೆ ಎಳೆದುಕೊಂಡು ಬರೆದಳು: 'ಬಾಯಾರ, ಚಹಾ ಆತೇನ್ರಿ.'

"ಅತ್ತಿ, ಇದು ನಿನಗ ಹೆಂಗ ತಿಳೀತು?"

"ನಡುಗೂದನ್ನ ಬಿಟ್ಟು ಓದಬೇಕವಾ," ಎಂದಳು.

ಇನ್ನು ಉತ್ತರ ಕೊಡಬೇಕು. ಅತ್ತೆ ಕೀಯನ್ನು ಮೇಜಿನ ಇನ್ನೊಂದು ಬದಿಗೆ ಸರಿಸಿದಳು. ಬಲಗೈಯನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಎಡಗೈಯಿಂದ ಬಾರಿಸತೊಡಗಿದಳು. ಮೂವತ್ತು ವರ್ಷ ಒಂದು ತಪ್ಪಿಲ್ಲದೆ ಊರಿನ ಸಾವು ನೋವು ಮುಟ್ಟಿಸಿದವಳು ನಿನ್ನೆ ಮೊನ್ನೆ ಕಲಿತವರ ಹಾಗೆ ಎಡವಿದಳು, ನಿಂತಳು, ಮತ್ತೆ ಎಡವಿದಳು. ಎಂಟು ಕಟ್ಟ ಬಾರಿಸಿ ತಿದ್ದಿಕೊಂಡು ಮುಂದೆ ಹೋದಳು.

ಆಮೇಲೆ ಬಹಳ ನಿಧಾನವಾಗಿ ಆ ಕಡೆಯಿಂದ ಉತ್ತರ ಬಂತು. ಈ ಸಲ ನಾನೂ ಓದಿದೆ. 'ಬಾಯಾರ, ನಿಮ್ಮ ಕೈಗೇನಾತ್ರಿ?'

ಅತ್ತೆ ಎಡಗೈಯ ಬೆರಳನ್ನು ಕೀಯ ಮೇಲಿಟ್ಟು ಒಂದೊಂದೇ ಅಕ್ಷರವಾಗಿ ಬಾರಿಸಿದಳು: 'ನನಗೂ ವಯಸ್ಸಾತ್ರಿ ಮಾಸ್ತರ.'