ಹನ್ನೆರಡು ಕೀಲು, ಒಂದು ನಲ್ಲಿ

ನನ್ನ ಕೈಗೂ ನೀರಿಗೂ ಆಗಿಬರುವುದಿಲ್ಲ ಎಂದು ಮದುವೆಯಾದ ಮೂರನೇ ವಾರದಲ್ಲೇ ಘೋಷಿಸಿಬಿಟ್ಟಿದ್ದೆ. ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಸಣ್ಣ ರಿಪೇರಿಗೆಂದು ನುಸುಳಿ, ಬೇಕಂತಲೇ ನಾಲ್ಕು ಬಕೆಟ್ಟಿನಷ್ಟು ನೀರನ್ನು ನೆಲಕ್ಕೆ ಹರಿಸಿ, "ನೋಡಿದೆಯಾ? ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದು ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತಾ ನಿಂತಿದ್ದೆ. (ಬೇಕಂತಲೇ ಎಂಬುದು ನಮ್ಮ ನಿಮ್ಮಲ್ಲೇ ಇರಲಿ.) ಆ ಒಂದು ಸ್ನಾನದಿಂದ ನನಗೆ ಹನ್ನೊಂದು ವರ್ಷಗಳ ನೆಮ್ಮದಿ ಸಿಕ್ಕಿತು. ನಲ್ಲಿ ಕೆಟ್ಟರೆ ನನ್ನನ್ನು ಕರೆಯುವವರಿಲ್ಲ. ಸ್ನಾನದ ಮನೆಯ ನಲ್ಲಿಯಂತೂ ಮೂರು ವರ್ಷದಿಂದ ತೊಟ್ಟಿಕ್ಕುತ್ತಿದೆ. ಅದರ ಕೆಳಗೆ ಬಕೆಟ್ ಇಟ್ಟು ಬಾಗಿಲು ಮುಂದಕ್ಕೆ ಮಾಡಿದ್ದೇ ನನ್ನ ಕೊಡುಗೆ.

ಹಾಗಾದರೆ ಹೆಂಡತಿಯೇ ಸರಿಮಾಡಬಹುದಿತ್ತಲ್ಲ ಎನ್ನುತ್ತೀರಿ. ಅವಳಿರುವುದು ನೀರು ಸರಬರಾಜು ಇಲಾಖೆಯ ಸೋರಿಕೆ ಪತ್ತೆ ವಿಭಾಗದಲ್ಲಿ. ಒಂದು ತುದಿಗೆ ಬಟ್ಟಲಿನಂಥ ಮುಚ್ಚಳವಿರುವ ಉದ್ದನೆಯ ಲೋಹದ ಕೋಲನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಕೊಟ್ಟು, ಆಳುದ್ದ ಮಣ್ಣಿನ ಕೆಳಗೆ ಕೊಳವೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ಹೇಳುವುದು ಅವಳ ಕೆಲಸ. ಕಚೇರಿಯಲ್ಲಿ ಅವಳನ್ನು ಕರೆಯುವುದೇ 'ಕಿವಿ ಮೇಡಂ' ಎಂದು. ಆದರೆ ಸ್ನಾನದ ಮನೆಯ ನಲ್ಲಿಯ ಮಾತೆತ್ತಿದರೆ, "ಪತ್ತೆ ಮಾತ್ರ ನಂದು. ದುರಸ್ತಿ ಬೇರೆ ವಿಭಾಗ" ಎಂದು ಕೈ ತೊಳೆದುಕೊಳ್ಳುತ್ತಾಳೆ. (ಆ ತೊಟ್ಟಿಕ್ಕುವ ನೀರಿನಲ್ಲೇ.) ಹೀಗೆ ಪತ್ತೆ ವಿಭಾಗ ಇದ್ದೂ ದುರಸ್ತಿ ವಿಭಾಗದ ಹುದ್ದೆ ಖಾಲಿ ಬಿದ್ದಿರುವ ಸಂಸಾರ ನಮ್ಮದು.

ನನ್ನ ಕೆಲಸ ಬೇರೆ. ಇನ್ನೂ ಕಟ್ಟಿರದ ಕಟ್ಟಡಗಳೊಳಗೆ ನಡೆದಾಡಿದಂತೆ ಕಾಣುವ ಚಲಿಸುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ನಾನು ಮಾಡುತ್ತೇನೆ ಎನ್ನುವುದು ಮರ್ಯಾದೆಗೆ; ನಿಜವಾಗಿ ಮೈಮುರಿದು ದುಡಿಯುವುದು ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡು. ದುಡಿದರೆ ಅದಕ್ಕೆ ಕಾವೇರುತ್ತದೆ, ಕಾವೇರಿದರೆ ಫ್ಯಾನುಗಳು ಅಬ್ಬರಿಸುತ್ತವೆ. ಕಾರ್ಡು ಒಂದಿದ್ದಾಗಲೇ ನನ್ನ ಕೋಣೆಯಿಂದ ವಿಮಾನ ಏರುವ ಸದ್ದು ಬರುತ್ತಿತ್ತು. ಹೊಸದಾಗಿ ಒಂದು ಆಸ್ಪತ್ರೆಯ ಕೆಲಸ ಬಂದು, ಇನ್ನೊಂದು ಕಾರ್ಡು ತಂದಾಗ ಅತ್ತೆಯವರು ಬಾಗಿಲಿಗೆ ಬಂದು ನಿಂತರು.

ಅತ್ತೆ ಎಂದರೆ ಹೆಂಡತಿಯ ತಾಯಿ. ನಮ್ಮೊಡನೆಯೇ ಇದ್ದಾರೆ. ಕಿಟಕಿಯ ಪರದೆ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಹೊಲಿಗೆ ಯಂತ್ರಕ್ಕೆ ಜಾಗವಿಲ್ಲದೆ ಅದು ಊಟದ ಮೇಜಿನ ಮೇಲಿದೆ; ನಾವು ಪರದೆಗಳ ನಡುವೆ ತಟ್ಟೆ ಇಟ್ಟುಕೊಂಡು ದಾರದ ಸಮೇತ ಉಣ್ಣುತ್ತೇವೆ. ನನ್ನ ಕೋಣೆಯ ಮೇಲೆ ಅವರ ಕಣ್ಣು ಬಿದ್ದು ಎರಡು ವರ್ಷವಾಯಿತು.

"ಇನ್ನೂ ಒಂದು ಬಂತಾ? ಇನ್ನು ಮನೇಲಿ ಮಾತಾಡೋಕೆ ಕೈಸನ್ನೆ ಕಲೀಬೇಕು" ಎಂದರು.

"ಇಲ್ಲ ಅತ್ತೆ. ಇನ್ಮೇಲೆ ಸದ್ದೇ ಇರಲ್ಲ. ಎರಡಕ್ಕೂ ನೀರು ಹಾಯಿಸ್ತೀನಿ."

'ನೀರು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಿವಿ ಮೇಡಂ ಹಾಜರಾದಳು.

"ಕರೆಂಟಿನ ಪೆಟ್ಟಿಗೆ ಒಳಗೆ ನೀರಾ?"

"ನೀರು ಹೊರಗೆ ಬರಲ್ಲ ಕಣೆ. ಪಂಪು ತಳ್ಳುತ್ತೆ, ಕಾರ್ಡಿನ ಬೆನ್ನಿಗಿರೋ ಲೋಹದ ಬಿಲ್ಲೆ ಒಳಗೆ ಹೋಗಿ ಕಾವು ಹೊತ್ಕೊಂಡು ಬರುತ್ತೆ, ಜಾಲರಿಯಲ್ಲಿ ತಣ್ಣಗಾಗಿ ಮತ್ತೆ ಪಂಪಿಗೆ. ಬರೀ ಕೊಳವೆ ಒಳಗೇ ಸುತ್ತುತ್ತಿರುತ್ತೆ."

"ನಮ್ಮ ಇಲಾಖೇಲೂ ಹಾಗೇ ಅಂದ್ಕೊಂಡಿದಾರೆ" ಎಂದಳು. "ಕೊಳವೆ ಜೋಡಿಸೋ ಕೀಲು ಎಷ್ಟು?"

"ಹನ್ನೆರಡು."

"ಹನ್ನೆರಡು ಕೀಲು, ಒಬ್ಬ ಗಂಡ. ನೀವೇ ಹೇಳಿದ್ರಲ್ಲ, ನಿಮ್ಮ ಕೈಗೂ ನೀರಿಗೂ ಆಗಿಬರಲ್ಲ ಅಂತ?"

ಇಲ್ಲೇ ನಾನು ಎಚ್ಚರವಾಗಬೇಕಿತ್ತು. ಆದರೆ ಆತ್ಮವಿಶ್ವಾಸ ಎಂಬುದು ಏರಿದ ಮೇಲೆ ಇಳಿಯುವ ಮೆಟ್ಟಿಲು ಕಾಣುವುದಿಲ್ಲ. "ಅದು ನಲ್ಲಿ ನೀರು. ಇದು ಶುದ್ಧೀಕರಿಸಿದ ನೀರು. ಜಾತಿಯೇ ಬೇರೆ" ಎಂದುಬಿಟ್ಟೆ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರಾರು ಅಲ್ಲೇ ಇತ್ಯರ್ಥವಾಯಿತು. ನೀರು ತುಂಬಿ, ಬರೀ ಪಂಪನ್ನು ಒಂದು ಹಗಲು ಒಂದು ರಾತ್ರಿ ಓಡಿಸಬೇಕು. ಒಂದೇ ಒಂದು ಹನಿ ಸೋರಿದರೂ ಕೋಣೆ ಅತ್ತೆಯ ಹೊಲಿಗೆ ಯಂತ್ರಕ್ಕೆ. ನಾನೂ ನನ್ನ ಪೆಟ್ಟಿಗೆಯೂ ಊಟದ ಮೇಜಿಗೆ. ಸೋರದಿದ್ದರೆ ಕೋಣೆ ಶಾಶ್ವತವಾಗಿ ನನ್ನದು, ಮತ್ತೆ ಯಾರೂ ಮಾತೆತ್ತುವಂತಿಲ್ಲ.

"ಆದ್ರೆ ಪರೀಕ್ಷೆ ನಂದು" ಎಂದಳು ಹೆಂಡತಿ.

"ಧಾರಾಳವಾಗಿ" ಎಂದೆ.

ಶನಿವಾರ ಬೆಳಗ್ಗೆ ನನ್ನ ಭಗೀರಥ ಪ್ರಯತ್ನ ಆರಂಭವಾಯಿತು. ಎರಡು ಕಾರ್ಡುಗಳನ್ನು ಒಂದರ ಕೆಳಗೊಂದು ಕೂರಿಸಿದೆ. ಈಗ ಹುಟ್ಟಿದ್ದು ಗಹನವಾದ ಪ್ರಶ್ನೆ: ನೀರು ಒಂದು ಕಾರ್ಡಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಇಳಿಯಬೇಕೋ, ಅಥವಾ ಇಬ್ಭಾಗವಾಗಿ ಎರಡಕ್ಕೂ ಏಕಕಾಲಕ್ಕೆ ಸಲ್ಲಬೇಕೋ? ಒಂದಾದ ಮೇಲೊಂದು ಎಂದು ತೀರ್ಮಾನಿಸಿದೆ.

"ಅಂದ್ರೆ ಮೇಲಿನವನು ಮಿಂದ ನೀರಲ್ಲೇ ಕೆಳಗಿನವನ ಸ್ನಾನನಾ?" ಎಂದು ಅತ್ತೆ ಮೂಗು ಮುರಿದರು. "ಪಾಪ, ಅವನೇನು ಮಾಡಿದ್ದ?"

"ನೀರು ಜೋರಾಗಿ ಸುತ್ತುತ್ತೆ ಅತ್ತೆ. ಎರಡರ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ, ಅಷ್ಟೇ. ಇಬ್ಭಾಗ ಮಾಡಿದ್ರೆ ಯಾವನಿಗೆ ಜಾಸ್ತಿ ಹೋಯ್ತು, ಯಾವನಿಗೆ ಕಮ್ಮಿ ಹೋಯ್ತು ಅಂತ ನಾನು ಪಂಚಾಯ್ತಿ ಮಾಡ್ತಾ ಕೂರಬೇಕಾಗುತ್ತೆ."

ಇದು ಅವರಿಗೆ ಒಪ್ಪಿಗೆಯಾದಂತೆ ಕಂಡಿತು. ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಪರದೆಯ ಬಟ್ಟೆ ಹಂಚಿ ಅನುಭವವಿದ್ದವರು.

ಇನ್ನು ನನ್ನ ಕೈಚಳಕವನ್ನು ನಾನೇ ಹೊಗಳಿಕೊಳ್ಳಬೇಕು, ಬೇರೆಯವರಿಗೆ ಪುರುಸೊತ್ತಿಲ್ಲ. ಕೊಳವೆಯನ್ನು ಅಳೆದೆ, ನೆಟ್ಟಗೆ ಕತ್ತರಿಸಿದೆ, ತುದಿಯ ಚೂರುಗಳನ್ನು ಉಜ್ಜಿ ತೆಗೆದೆ. ಪ್ರತಿ ಕೀಲಿಗೂ ಕಪ್ಪು ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಕೈಯಲ್ಲಿ ಬಿಗಿದು, ಕೊನೆಗೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ. ಅರ್ಧ ಸುತ್ತು ಕೊಟ್ಟರೆ ಉಂಗುರ ನಜ್ಜುಗುಜ್ಜು. ಹನ್ನೆರಡೂ ಮುಗಿದ ಮೇಲೆ ಎರಡು ಉಂಗುರ ಮಿಕ್ಕವು, ಜೇಬಿಗೆ ಹಾಕಿಕೊಂಡೆ. ಕೀಲುಗಳ ಕೆಳಗೆ ಟಿಶ್ಯೂ ಕಾಗದ ಹಾಸಿ, ನೀರು ತುಂಬಿ, ಪಂಪು ಹಚ್ಚಿದೆ. ನೀರು ಗುಳುಗುಳು ಎಂದು ಮೇಲಿನ ಕಾರ್ಡು ಹೊಕ್ಕು, ಕೆಳಗಿನದಕ್ಕೆ ಇಳಿದು, ಜಾಲರಿ ಸುತ್ತಿ ಬಂತು. ನನಗೆ ಕಣ್ಣು ತುಂಬಿ ಬಂತು. (ಅದೂ ಸೋರಲಿಲ್ಲ.)

ಭಾನುವಾರ ಬೆಳಗ್ಗೆ ಕಾಗದಗಳು ಗರಿಗರಿಯಾಗಿದ್ದವು. ಹಪ್ಪಳದಂತೆ ಮುರಿಯಬಹುದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬೇಸರದಿಂದ ಕೆಳಗಿಟ್ಟರು.

"ಕಣ್ಣಿಗೆ ಕಾಣೋದೆಲ್ಲ ನಂಬೋಕಾಗಲ್ಲ" ಎಂದು ಹೆಂಡತಿ ಕೋಲು ತಂದಳು. ಪೆಟ್ಟಿಗೆಗೆ ಊರಿ, ಬಟ್ಟಲಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿದಳು. ಆ ಮುಖ ನೋಡಿದರೆ ಡಾಕ್ಟರು ನಾಡಿ ನೋಡುವಾಗ ಹೆದರುವಂತೆ ಹೆದರಿಕೆಯಾಗುತ್ತದೆ.

"ಹನಿ" ಎಂದಳು.

"ಏನು?"

"ಟಪ್... ಟಪ್... ಹನಿ ಬೀಳ್ತಿದೆ. ನೀವೇ ಕೇಳಿ."

ಕೇಳಿದೆ. ಪಂಪಿನ ಗುಂಯ್ ಎನ್ನುವುದರ ಹಿಂದೆ ಸ್ಪಷ್ಟವಾಗಿ: ಟಪ್. ಹಿಂದೆ ಅತ್ತೆಯವರು ಆಗಲೇ ಅಳತೆ ಪಟ್ಟಿ ಬಿಚ್ಚಿ, ಕಿಟಕಿಯ ಪಕ್ಕದ ಗೋಡೆಗೆ ಹಿಡಿದಿದ್ದರು.

ಮೊಣಕಾಲೂರಿ ಹನ್ನೆರಡು ಕೀಲಿಗೂ ಬೆರಳು ಸವರಿದೆ. ಒಣ. ಮತ್ತೆ ಕೋಲಿಗೆ ಕಿವಿ ಕೊಟ್ಟು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಟಪ್. ಒಂದು, ಎರಡು, ಮೂರು, ನಾಲ್ಕು, ಟಪ್. ಈ ತಾಳ ನನಗೆ ಗೊತ್ತು! ಮೂರು ವರ್ಷದಿಂದ ದಿನಾ ಬೆಳಗ್ಗೆ ಇದೇ ತಾಳಕ್ಕೆ ಹಲ್ಲುಜ್ಜುತ್ತಿದ್ದೇನೆ!

"ಇದು ನನ್ನ ಹನಿ ಅಲ್ಲ! ಸ್ನಾನದ ಮನೆ ನಲ್ಲಿ! ಗೋಡೆಯ ಆಚೆಗೇ ಇದೆಯಲ್ಲ, ಗೋಡೆಯಲ್ಲಿ ಸದ್ದು ಬರ್ತಿದೆ!" ಎಂದು ಕೂಗಿದೆ.

"ಅದು ನಿಮ್ಮ ಊಹೆ" ಎಂದಳು.

ಓಡಿಹೋಗಿ ಮನೆಯ ದೊಡ್ಡ ವಾಲ್ವನ್ನೇ ಮುಚ್ಚಿ ಬಂದೆ. ಟಪ್ ನಿಂತಿತು. "ನೋಡು!"

ಅವಳು ತಲೆಯಾಡಿಸಿದಳು. "ನೀರು ನಿಲ್ಲಿಸಿ ತೋರಿಸೋದನ್ನ ನಮ್ಮಲ್ಲಿ ಒಪ್ಪಲ್ಲ ರೀ. ವಾಲ್ವ್ ತೆರೆದಿರಬೇಕು, ಕೊಳವೇಲಿ ನೀರಿರಬೇಕು, ಆದ್ರೂ ಸದ್ದು ನಿಂತಿರಬೇಕು. ಆಗ ಬರ್ಕೊಡ್ತೀನಿ."

ಅತ್ತೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ನನ್ನ ಗೋಡೆಯ ಮೇಲೆ!

ಇನ್ನು ಯೋಚಿಸುವ ವ್ಯವಧಾನ ಎಲ್ಲಿ? ಸ್ಪ್ಯಾನರ್ ಹಿಡಿದು ಸ್ನಾನದ ಮನೆಗೆ ನುಗ್ಗಿದೆ. ನಲ್ಲಿಯ ತಲೆ ಬಿಚ್ಚಿದೆ, ಒಳಗಿನ ಕಡ್ಡಿ ಎಳೆದೆ. ತುದಿಯ ರಬ್ಬರ್ ಸವೆದು ಚಿಂದಿಯಾಗಿತ್ತು. ಕಿತ್ತು ತೆಗೆದು, ಜೇಬಿನ ಕಪ್ಪು ಉಂಗುರ ಕೂರಿಸಿದೆ. ಹೇಳಿ ಮಾಡಿಸಿದಂತೆ ಕೂತಿತು. ಕೈಯಲ್ಲಿ ಬಿಗಿದೆ, ಕೊನೆಗೆ ಕಾಲು ಸುತ್ತು. ದೊಡ್ಡ ವಾಲ್ವ್ ತೆರೆದೆ. ನಲ್ಲಿ ತಿರುಗಿಸಿದರೆ ನೀರು ಬಂತು, ಮುಚ್ಚಿದರೆ ನಿಂತಿತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಟಪ್ ಇಲ್ಲ!

ಕೋಣೆಗೆ ಹಾರಿ ಬಂದು ಕೋಲನ್ನು ಅವಳ ಕೈಗೆ ಕೊಟ್ಟೆ. "ಈಗ ಕೇಳು! ಈಗ ಹೇಳು!"

ಕೇಳಿದಳು. ತೃಪ್ತಿಯಿಂದ ಕಣ್ಣು ತೆರೆದಳು. "ಸೋರಿಕೆ ಇಲ್ಲ. ಕೋಣೆ ನಿಮ್ಮದೇ."

ನಾನು ಎರಡು ಕೈಯನ್ನೂ ಮೇಲಕ್ಕೆತ್ತಿದೆ. ಒಂದರಲ್ಲಿ ಸ್ಪ್ಯಾನರ್ ಇತ್ತು, ಇನ್ನೊಂದರಲ್ಲಿ ನಲ್ಲಿಯ ಹಳೆಯ ರಬ್ಬರ್. ಹಾಗೆ ನಿಂತಾಗಲೇ ಯಾರೂ ಚಪ್ಪಾಳೆ ತಟ್ಟುತ್ತಿಲ್ಲವೆಂದು ಗಮನಕ್ಕೆ ಬಂದದ್ದು. ಅತ್ತೆ ಗೋಡೆ ಗಡಿಯಾರ ನೋಡುತ್ತಿದ್ದರು.

"ಆರು ನಿಮಿಷ" ಎಂದರು.

"ಏನು ಆರು ನಿಮಿಷ?"

"ಮೂರು ವರ್ಷದ ನಲ್ಲಿ."

ನನ್ನ ಕೈಗಳು ತಾವಾಗಿಯೇ ಕೆಳಗಿಳಿದವು. "ಅದು... ಅದು ಹೇಗೋ ಆಯ್ತು. ನನ್ನ ಕೈಗೂ ನೀರಿಗೂ..."

"ಸಾಕು ಬಿಡಿ" ಎಂದಳು ಹೆಂಡತಿ, ಕೋಲನ್ನು ಒರೆಸುತ್ತಾ. "ಆ ಟಪ್ ಎಲ್ಲಿಂದ ಬರುತ್ತೆ ಅಂತ ನಂಗೆ ಗೊತ್ತಿಲ್ವಾ? ಆಳುದ್ದ ಮಣ್ಣಿನ ಕೆಳಗಿಂದು ಕೇಳ್ಸತ್ತೆ, ಪಕ್ಕದ ಗೋಡೇದು ಕೇಳಲ್ವಾ?"

"ಮತ್ತೆ ಪರೀಕ್ಷೆ?"

"ಕೀಲುಗಳದ್ದು ಬೆಳಗ್ಗೆ ಕಾಗದ ನೋಡಿದಾಗಲೇ ಮುಗೀತು. ಒಳ್ಳೆ ಕೆಲಸ, ನಮ್ಮ ಫಿಟ್ಟರುಗಳಿಗೂ ಅಷ್ಟು ಅಚ್ಚುಕಟ್ಟಾಗಿ ಬರಲ್ಲ. ಆಮೇಲಿಂದು ನಿಮ್ಮ ಪರೀಕ್ಷೆ." ಸ್ವಲ್ಪ ತಡೆದು, ಮೆಲ್ಲಗೆ ಸೇರಿಸಿದಳು: "ಹನ್ನೊಂದು ವರ್ಷದ ಹಿಂದೆ ಸಿಂಕಿನ ಕೆಳಗೂ ಅಷ್ಟೇ. ನಾನು ಆಚೆ ಕೋಣೇಲಿದ್ದೆ. ಕೊಳವೆ ತಾನಾಗಿ ಬಿಟ್ಕೊಳ್ಳೋ ಸದ್ದು ಬೇರೆ, ಯಾರೋ ತಿರುಗಿಸಿ ಬಿಡೋ ಸದ್ದು ಬೇರೆ."

ನನಗೆ ಬಾಯಿ ಒಣಗಿತು. ಆ ಮನೆಯಲ್ಲಿ ಆ ಹೊತ್ತಿಗೆ ನಿಜವಾಗಿ ಒಣಗಿದ್ದದ್ದು ಟಿಶ್ಯೂ ಕಾಗದಗಳು ಮತ್ತು ನನ್ನ ಬಾಯಿ ಮಾತ್ರ.

ಮಧ್ಯಾಹ್ನ ಕಂಪ್ಯೂಟರಿಗೆ ಕರೆಂಟು ಕೊಟ್ಟೆ. ಎರಡು ಕಾರ್ಡುಗಳೂ ಅಣ್ಣತಮ್ಮಂದಿರಂತೆ ದುಡಿದವು, ಆಸ್ಪತ್ರೆಯ ಕಾರಿಡಾರುಗಳು ಪರದೆಯ ಮೇಲೆ ಸರಾಗವಾಗಿ ತೆರೆದುಕೊಂಡವು. ಕೋಣೆಯಲ್ಲಿ ಉಸಿರಾಟದಷ್ಟೂ ಸದ್ದಿಲ್ಲ. ಬಾಗಿಲು ಹಾಕಿಕೊಂಡು, ಕುರ್ಚಿಗೆ ಒರಗಿ, ಗೆದ್ದ ಜಾಗವನ್ನು ಸುತ್ತಲೂ ನೋಡಿದೆ. ಐದು ನಿಮಿಷವೂ ಆಗಿರಲಿಲ್ಲ, ಬಾಗಿಲು ತೆರೆದುಕೊಂಡಿತು.

"ಫ್ಯಾನಿನ ಗಲಾಟೆ ನಿಂತು ಎಷ್ಟು ಚೆನ್ನಾಗಾಯ್ತು ನೋಡಿ, ಈಗ ಮನೇಲಿ ಎಲ್ಲಾ ಕೇಳ್ಸತ್ತೆ" ಎಂದಳು ಹೆಂಡತಿ. "ಸಿಂಕಿನ ಕೆಳಗೆ ಒಂದು. ಬಟ್ಟೆ ತೊಳೆಯೋ ಯಂತ್ರದ ಹಿಂದೆ ಒಂದು. ಮೇಲಿನ ಮನೆಯವರದ್ದೂ ಒಂದಿದೆ, ಅವರಿಗೆ ಅಮ್ಮ ಆಗಲೇ ಹೇಳಿದಾರೆ. ಉಂಗುರ ಇನ್ನೂ ಒಂದು ಮಿಕ್ಕಿದೆಯಲ್ಲ?"

ಜೇಬು ಮುಟ್ಟಿ ನೋಡಿಕೊಂಡೆ. ಇತ್ತು. ಪತ್ತೆ ವಿಭಾಗ ಕೋಲು ಹಿಡಿದು ಅಡುಗೆಮನೆಯ ಕಡೆಗೆ ನಡೆಯಿತು. ದುರಸ್ತಿ ವಿಭಾಗ ಸ್ಪ್ಯಾನರ್ ಎತ್ತಿಕೊಂಡು ಹಿಂದೆ ಹೊರಟಿತು. ಖಾಲಿ ಬಿದ್ದ ಕೋಣೆಯೊಳಗೆ ಅತ್ತೆಯವರು ಹೊಲಿಗೆ ಯಂತ್ರವನ್ನು ತಳ್ಳುವ ಸದ್ದು ನನಗೂ ಕೋಲಿಲ್ಲದೆ ಕೇಳಿಸಿತು.