ಹಿಂದಕ್ಕೆ ನಡೆಯುವ ಉಸ್ತಾದ

ಮದುವೆ ಬ್ಯಾಂಡಿನಲ್ಲಿ ಇದ್ದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮೆರವಣಿಗೆ ಕಟ್ಟಿಕೊಂಡು ಎದುರಿಗೆ ಬರುತ್ತವೆ. ಮೊನ್ನೆ ಬಸವಕಲ್ಯಾಣದ ಕೆಲವು ಹುಡುಗರು ಮನೆಗೆ ಬಂದು, "ಕಾಕಾ, ನೀವು ಇಷ್ಟು ವರ್ಷ ಬ್ಯಾಂಡ್ ನಡಿಸೀರಿ. ಲೀಡರ್ ಆಗಬೇಕಂದ್ರ ಏನೇನು ಗುಣ ಇರಬೇಕು, ನಮ್ಮ ಸಂಘದಾಗ ಬಂದು ನಾಕು ಮಾತು ಹೇಳ್ರಿ" ಎಂದರು. ನಾನು ಆರನೇ ಇಯತ್ತೆಗೇ ಸಾಲಿ ಬಿಟ್ಟವನು. ಗುಣ ಅಂದರೆ ನನಗೆ ಒಬ್ಬರ ಮಾರಿಯೇ ನೆನಪಾಗುವುದು. "ಮೊದಲು ಮುಂದಿನ ಎರಡು ಹಲ್ಲು ಗಟ್ಟಿ ಇರಬೇಕ್ರಪ್ಪ" ಎಂದೆ. ಹುಡುಗರು ಒಬ್ಬರ ಮಾರಿ ಒಬ್ಬರು ನೋಡಿಕೊಂಡರು. ನಮ್ಮ ಉಸ್ತಾದರ ಆ ಹಲ್ಲು ಅಲುಗಾಡಿದ್ದಕ್ಕೇ ನಮ್ಮ ಬ್ಯಾಂಡು ಒಡೆಯುವ ಹಂತಕ್ಕೆ ಬಂದಿತ್ತು. ಅದು ಹೇಗೆ ಉಳಿಯಿತು ಅನ್ನುವುದನ್ನು ನಿಂತ ಕಾಲ ಮೇಲೆ ಹೇಳಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೧. ಗಟಾರದ ನೌಕರಿ

ತೊಂಬತ್ತರ ದಶಕದ ಸುರುವಿನ ಮಾತು. ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೈವೇ ಮೇಲಿನ ಧಾಬಾದಲ್ಲಿ ರೊಟ್ಟಿ ಸುಟ್ಟೆ, ಲಾರಿ ತೊಳೆದೆ, ಸೋಲಾಪುರದ ಚಾದರು ಹೆಗಲ ಮೇಲೆ ಹಾಕಿಕೊಂಡು ಊರೂರು ಮಾರಿದೆ. ಒಂದೂ ಬಾಳಲಿಲ್ಲ. ಅವತ್ತು ಹುಮನಾಬಾದಿನಲ್ಲಿ ಹೈದ್ರಾಬಾದ್ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮದುಮಗನ ಮೆರವಣಿಗೆ ಬಂತು. ಎಲ್ಲರಿಗಿಂತ ಮುಂದೆ ಕೆಂಪು ಕೋಟು, ಟೋಪಿಗೆ ಕೆಂಪು ತುರಾಯಿ, ದಪ್ಪ ಮೀಸೆಯ ಒಬ್ಬರು ಟ್ರಂಪೆಟ್ ಊದುತ್ತ ಬರುತ್ತಿದ್ದರು. ಆದರೆ ಬೆನ್ನು ಮುಂದೆ ಮಾಡಿ! ಮುಖ ತಮ್ಮ ಬ್ಯಾಂಡಿನವರ ಕಡೆ ಇಟ್ಟು, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ. ಅವರ ಬೆನ್ನ ಹಿಂದೆ ಕಲ್ಲು ಕಿತ್ತ ಗಟಾರ ಬಾಯಿ ತೆರೆದು ಕುಳಿತಿತ್ತು.

"ಕಾಕಾ, ಗಟಾರ!" ಎಂದು ಚೀರಿದೆ.

ಅವರು ಊದುವುದನ್ನು ಬಿಡದೆ, ಹಿಂದೆ ತಿರುಗಿಯೂ ನೋಡದೆ ಟಣ್ಣನೆ ಹಾರಿ ಗಟಾರ ದಾಟಿದರು. ಅವರೇ ಆ ಬ್ಯಾಂಡಿನ ಲೀಡರು, ಎಲ್ಲರ ಬಾಯಲ್ಲಿ ಉಸ್ತಾದರು. ಮೆರವಣಿಗೆ ಮುಗಿದ ಮೇಲೆ ನನ್ನನ್ನೇ ಹುಡುಕಿಕೊಂಡು ಬಂದರು.

"ಏನ್ ಕೆಲಸ ಮಾಡ್ತಿ ಬೇಟಾ?"

"ಸದ್ಯ ಬಸ್ ಕಾಯಾಕತ್ತೇನ್ರಿ."

"ನಮ್ಮ ಝಾಂಜ್ ಬಡಿಯಾವ ಮಾಳಗಿ ಮ್ಯಾಲಿನ ಹುಡುಗ್ಯಾರ್ನ ನೋಡ್ತಿದ್ದ, ಗಟಾರ ನೋಡ್ತಿದ್ದಿಲ್ಲ. ನಿನ್ನಿ ನಾ ಬಿದ್ದೆ. ನಾಚಿ ಅವ ಇವತ್ತ ಬಂದೇ ಇಲ್ಲ. ನೀ ಬಾ."

"ನಂಗ ಝಾಂಜ್ ಬರಂಗಿಲ್ರಿ."

"ಎರಡು ಹಿತ್ತಾಳಿ ತಾಟು ಬಡಿಯೋದು, ಕಲಸ್ತೀನಿ. ಕಣ್ಣು ಕಲಸಾಕ ಆಗಂಗಿಲ್ಲ."

"ಖರೆ, ನೀವು ಮುಂದ ನೋಡಿ ಯಾಕ ನಡಿಯಂಗಿಲ್ರಿ?" ಎಂದೆ.

"ಮುಂದ ನೋಡಿದ್ರ ರಸ್ತಾ ಕಾಣ್ತದ, ನನ್ನ ಮಂದಿ ಕಾಣಂಗಿಲ್ಲ. ರಸ್ತಾ ಎಲ್ಲಿಗೂ ಓಡಿ ಹೋಗಂಗಿಲ್ಲೋ. ಮಂದಿ ಓಡಿ ಹೋಗ್ತಾರ."

ಆ ಮಾತು ಯಾರಿಗೆ ಹೇಳಿದರೋ, ನನಗಂತೂ ತಾಗಿತು. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಮನೆಗೆ ಹೋಗಿ, "ಅವ್ವಾ, ನೌಕರಿ ಸಿಕ್ತು. ಗಟಾರ ನೋಡೂದು" ಎಂದೆ. ಮರುದಿನ ಮುಂಜಾನೆ ಎದ್ದರೆ ಓಣಿ ತುಂಬ ಒಂದೇ ಸುದ್ದಿ: ನನ್ನ ಮಗನಿಗೆ ಮುನ್ಸಿಪಾಲ್ಟಿ ನೌಕರಿ ಆಗ್ಯದ ಎಂದು ಅವ್ವ ಮನೆಮನೆಗೆ ಸಕ್ಕರೆ ಹಂಚಿ ಬಂದಿದ್ದಳು.

೨. ಉಸ್ತಾದರ ಪಥ್ಯ

ನಮ್ಮ ಬ್ಯಾಂಡಿನಲ್ಲಿ ಇಬ್ಬರನ್ನು ನೀವು ಗುರುತು ಇಟ್ಟುಕೊಳ್ಳಬೇಕು. ಒಬ್ಬ ಢೋಲಿನವ. ಅವನ ಹೊಟ್ಟೆ ಎಲ್ಲಿ ಮುಗಿದು ಢೋಲು ಎಲ್ಲಿ ಸುರುವಾಗುತ್ತದೆ ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಇನ್ನೊಬ್ಬ ಕ್ಲಾರ್ನೆಟ್ ಮಾಮಾ. ಬೀದರ ಜಿಲ್ಲೆಯಲ್ಲಿ ಅವನಂಥ ಉಸಿರು ಇನ್ನೊಂದಿಲ್ಲ. ಕಣ್ಣು ಮುಚ್ಚಿ ಊದಲು ಸುರು ಮಾಡಿದರೆ ಧುನು ಮುಗಿಯುವ ತನಕ ಕ್ಲಾರ್ನೆಟ್ ಬಾಯಿಂದ ತೆಗೆಯುವವನಲ್ಲ. ಒಮ್ಮೆ ಎತ್ತು ಹಾಯಲು ಬಂದಾಗಲೂ ಧುನು ಮುಗಿಸಿಯೇ ಓಡಿದ. ಎತ್ತೂ ಅಲ್ಲಿ ತನಕ ನಿಂತು ಕೇಳಿತು ಎನ್ನುತ್ತಾರೆ. ಅದು ನಾನು ಬರುವ ಮುಂಚಿನ ಕಥೆ.

ಒಂದು ದೊಡ್ಡ ಮನೆಯ ಮದುವೆ. ಊಟದ ಹೊತ್ತಿಗೆ ಮನೆಯ ಯಜಮಾನರು ಉಸ್ತಾದರ ಕೈ ಹಿಡಿದು, "ನೀವು ಪೆಂಡಾಲಿನ್ಯಾಗ ಬೀಗರ ಜೋಡಿ ಕುಂದರ್ರಿ. ನಿಮ್ಮ ಮಂದಿಗೆ ಆಮ್ಯಾಲ ಹಿತ್ತಲದಾಗ ಬಡಸ್ತೀವಿ" ಎಂದರು.

ಉಸ್ತಾದರು ಜಗಳ ಆಡಲಿಲ್ಲ. ಮುಖ ಸಣ್ಣದು ಮಾಡಿ, "ಭಾಳ ಮೆಹರಬಾನಿ ಗೌಡ್ರ. ಆದ್ರ ಡಾಕ್ಟರ್ ನಂಗ ಪಥ್ಯ ಹೇಳ್ಯಾರ" ಎಂದರು.

"ಏನ್ ಪಥ್ಯರಿ? ಎಣ್ಣಿ? ಖಾರ?"

"ಅದೆಲ್ಲಾ ನಡೀತದ್ರಿ. ಬಾಜೂಕ ನಮ್ಮ ಢೋಲಿನವ ಇರಬೇಕು. ಅವ ಉಣ್ಣೋದು ನೋಡಿದ್ರನ ನಂಗ ಹಸಿವಿ ಆಗೋದು. ಅವಂಗ ಮಗ್ಗಲಿಗೆ ಕ್ಲಾರ್ನೆಟ್ ಇರಬೇಕು. ಕ್ಲಾರ್ನೆಟಿಗೆ ಝಾಂಜ್..."

 ಗೌಡರು ಗಹಗಹಿಸಿ ನಕ್ಕು, ಬ್ಯಾಂಡಿಗೆ ಬ್ಯಾಂಡನ್ನೇ ಬೀಗರ ಸಾಲಿನಲ್ಲಿ ಕೂಡಿಸಿದರು. ಕೆಂಪು ಕೋಟು ಹಾಕಿಕೊಂಡು ಸಾಲಿನ ನಡುವೆ ಕುಳಿತು ಉಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆ ಹೋಳಿಗೆಯ ತುಪ್ಪ ಇನ್ನೂ ನಾಲಿಗೆ ಮೇಲಿದೆ. ಢೋಲಿನವ ಮಾತ್ರ ಉಸ್ತಾದರ ಪಥ್ಯವನ್ನು ಎಷ್ಟು ಮನಸ್ಸಿಟ್ಟು ಪಾಲಿಸಿದ ಎಂದರೆ, ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೈ ಮುಗಿದ: "ಉಸ್ತಾದ್ರ, ನಿಮಗ ಇನ್ನೂ ಹಸಿವಿ ಆಗಿಲ್ಲೇನ್ರಿ?"

೩. ಘಾಟಬೋರಾಳದ ಮದುಮಗ

ನಮ್ಮ ಕಡೆ ತುಂಬು ಬಾಳು ಬಾಳಿ, ಮರಿಮಕ್ಕಳನ್ನು ಎತ್ತಿ ಆಡಿಸಿ ಹೋದವರನ್ನು ಅಳುತ್ತ ಕಳಿಸುವುದಿಲ್ಲ. ತಲೆಗೆ ಪಟಗಾ ಸುತ್ತಿ, ಹಾರ ಹಾಕಿ, ಹೂವಿನ ವಿಮಾನದಲ್ಲಿ ಕೂಡಿಸಿ ಬಾಜಾ ಭಜನೆಯೊಂದಿಗೆ ಮೆರವಣಿಗೆ ಮಾಡುತ್ತಾರೆ. ಘಾಟಬೋರಾಳದ ಅಂಥ ಒಬ್ಬ ಅಜ್ಜನ ಕೊನೆಯ ಮೆರವಣಿಗೆಗೆ ನಮ್ಮನ್ನು ಕರೆದರು. ಹಿಂದಿನ ದಿನಗಳೆಲ್ಲ ಮದುವೆಗಳು. ಮಾಮಾ ನಿದ್ದೆಗಣ್ಣಿನಲ್ಲೇ ಬಂದು ನಿಂತ. ಪಟಗಾ ಕಂಡ, ಹಾರ ಕಂಡ, ಹೂವಿನ ಮಂಟಪ ಕಂಡ. ಕಣ್ಣು ಮುಚ್ಚಿ, ಮದುಮಗ ಕುದುರೆ ಏರುವಾಗ ಹೊಡೆಯುವ ಕುಣಿತದ ಧುನು ಸುರು ಮಾಡಿಯೇ ಬಿಟ್ಟ!

ಬಾಯಿ ಬಿಟ್ಟು ಹೇಳುವಂತಿಲ್ಲ, ಮುಟ್ಟಿ ಹೇಳಿದರೂ ನಿಲ್ಲಿಸುವವನಲ್ಲ. ಅಜ್ಜನ ಹಿರಿಯ ಮಗ ಕೆಂಡವಾಗಿ ಬಂದ. "ಯಾವಾಂವ ಇದು ಸುರು ಮಾಡಿದ್ದು?"

ಉಸ್ತಾದರ ಟ್ರಂಪೆಟ್ ಇನ್ನೂ ಬಗಲಿನಲ್ಲೇ ಇತ್ತು. ಆದರೂ ಅವರು ಮಾಮಾನ ಮುಂದೆ ಬಂದು ನಿಂತು, "ನಾನ್ರಿ. ತಪ್ಪು ನಂದದ. ಬೈಯೂದಿದ್ರ ನಂಗ ಬೈರಿ" ಎಂದರು.

ಅವನು ಬೈಯಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ವಿಮಾನದ ಪಕ್ಕ ಕುಳಿತಿದ್ದ ಅಜ್ಜಿ ತಲೆ ಎತ್ತಿದಳು. "ಬಾರಸಲಿ ಬಿಡೋ. ನಮ್ಮ ಮದಿವ್ಯಾಗ ಬ್ಯಾಂಡ್ ತರಲಿಲ್ಲಂತ ಸಾಯೋ ತನಕ ಹಳಹಳಿಸ್ತಿದ್ದ. ಈಗ ಬಂತು ನೋಡು. ನನ್ನ ಬಿಟ್ಟು ಒಬ್ಬನ ಹೊಂಟಾನ, ಮೋಸಗಾರ."

ಮಗ ನಿಂತಲ್ಲೇ ಅತ್ತ, ಆಮೇಲೆ ನಕ್ಕ. ಆ ಧುನು ಪೂರ್ತಿ ಮುಗಿಯಿತು. ವಾಪಸ್ ಬರುವಾಗ ಟೆಂಪೋದಲ್ಲಿ ಮಾಮಾ ತಲೆ ತಗ್ಗಿಸಿ ಕುಳಿತಿದ್ದ. ಈಗ ಬೈಗುಳ ಬೀಳುತ್ತದೆ ಎಂದು ನಾವೆಲ್ಲ ಕಾದೆವು. ಉಸ್ತಾದರು ಎಲಿಅಡಿಕೆ ಅಗಿಯುತ್ತ ಇಷ್ಟೇ ಅಂದರು: "ಧುನು ಭಾಳ ಛಲೋ ಬಾರಸಿದಿ ಮಾಮಾ. ಇನ್ನೊಮ್ಮೆ ಮಾತ್ರ, ಮದುಮಗ ಉಸಿರಾಡಾಕತ್ತಾನೇನು ನೋಡಿ ಸುರು ಮಾಡು."

೪. ಚಾ

ಇಷ್ಟಾದರೂ ನನ್ನ ಕಾಲು ಸುಮ್ಮನಿರಲಿಲ್ಲ. ಮದುವೆಯ ದಿನಗಳು ಮುಗಿದು ಮೊದಲ ಮಳೆ ಬಿತ್ತೆಂದರೆ ಹೈವೇ ನನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತು. ಒಮ್ಮೆ ಪುಣೆಗೆ ಹೋಗುವ ಉಳ್ಳಾಗಡ್ಡಿ ಲಾರಿ ಹತ್ತಿದವನು ಮಳೆ, ಚಳಿ ಎರಡೂ ಕಳೆದ ಮೇಲೆ ತಿರುಗಿ ಬಂದೆ. ಎಲ್ಲಿ ಹೋಗಿದ್ದಿ, ಯಾಕೆ ಹೋಗಿದ್ದಿ ಎಂದರೆ ಹೇಳಲು ದಾರಿಯುದ್ದಕ್ಕೂ ಒಂದು ದೊಡ್ಡ ಕಥೆ ಹೆಣೆದಿದ್ದೆ. ಅದರಲ್ಲಿ ಒಂದು ಆಸ್ಪತ್ರೆ ಇತ್ತು, ಒಂದು ಪ್ರವಾಹವೂ ಇತ್ತು.

ಉಸ್ತಾದರು ಬಸವಕಲ್ಯಾಣದ ನಮ್ಮ ಬ್ಯಾಂಡಿನ ಅಂಗಡಿಯ ಕಟ್ಟೆ ಮೇಲೆ ಕುಳಿತು ಟ್ರಂಪೆಟ್ ಒರೆಸುತ್ತಿದ್ದರು. ನನ್ನನ್ನು ನೋಡಿ ಒಳಗಿನಿಂದ ಝಾಂಜ್ ತಂದು ಕೈಗಿಟ್ಟರು. ಅದಕ್ಕೆ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ ಇಟ್ಟಿದ್ದರು. ನಾನು ಈಗಷ್ಟೇ ಎದುರಿನ ಅಂಗಡಿಗೆ ಹೋಗಿ ಬಂದವನೇನೋ ಎಂಬಂತೆ, "ಚಾ ಕುಡದು ಬಂದಿ?" ಎಂದರು.

ಅಷ್ಟೇ. ಬೇರೆ ಒಂದು ಮಾತಿಲ್ಲ.  ಅಷ್ಟು ಕಷ್ಟಪಟ್ಟು ಕಟ್ಟಿದ ಪ್ರವಾಹ ದಂಡ ಆಯಿತು.

೫. ನಕ್ಕ ಟ್ರಂಪೆಟ್

ಎರಡು ಸಾವಿರದ ಇಸವಿ ದಾಟಿದ ಮೇಲೆ ಉಸ್ತಾದರ ಮುಂದಿನ ಎರಡು ಹಲ್ಲು ಅಲುಗಾಡಿ, ಒಂದರ ಹಿಂದೆ ಒಂದು ಬಿದ್ದವು. ಟ್ರಂಪೆಟ್ಟಿನವನಿಗೆ ಮುಂದಿನ ಹಲ್ಲೆಂದರೆ ಮನೆಗೆ ತೊಲೆ ಇದ್ದ ಹಾಗೆ. ತುಟಿ ಅದರ ಮೇಲೇ ನಿಲ್ಲಬೇಕು. ಕಟ್ಟಿಸಿಕೊಂಡರಾಯಿತು ಎಂದು ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದರು. ನಾವೆಲ್ಲ ಸುತ್ತ ಕುಳಿತೆವು. ಉಸ್ತಾದರು ಎದೆ ತುಂಬ ಉಸಿರು ತುಂಬಿ ಊದಿ ಟ್ರಂಪೆಟ್ ಕೆಳಗಿಳಿಸಿದರೆ, ಸೆಟ್ ಅದರ ಬಾಯಿಗೆ ಕಚ್ಚಿಕೊಂಡು ಅಲ್ಲೇ ಕುಳಿತಿತ್ತು. ಇಷ್ಟು ವರ್ಷ ಊದಿಸಿಕೊಂಡ ಟ್ರಂಪೆಟ್ ಅವತ್ತು ನಮ್ಮೆಲ್ಲರನ್ನು ನೋಡಿ ಹಲ್ಲು ಕಿರಿದು ನಕ್ಕಿತು.

ಎಲ್ಲರಿಗಿಂತ ಮೊದಲು ನಕ್ಕವರು ಉಸ್ತಾದರೇ. ನಗು ನಿಂತ ಮೇಲೆ ತುರಾಯಿ ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಇನ್ನು ಮುಂದೆ ಬ್ಯಾಂಡು ಯಾರ ಕೈಗೆ? ಎಲ್ಲರೂ ಮಾಮಾನ ಕಡೆ ನೋಡಿದೆವು. ಮಾಮಾ ಆಗಲೇ ತಲೆಗೂದಲು ಸರಿಪಡಿಸಿಕೊಳ್ಳುತ್ತಿದ್ದ. ಉಸ್ತಾದರು ಟೋಪಿ ತಂದು ನನ್ನ ತಲೆ ಮೇಲೆ ಇಟ್ಟರು.

"ಝಾಂಜ್ ಬಡಿಯಾವ ಉಸ್ತಾದ ಆದ?" ಮಾಮಾ ಎದ್ದು ನಿಂತ. "ನಾಳಿ ಟೆಂಪೋ ದಬ್ಬಾವನೂ ಉಸ್ತಾದ ಆಗ್ತಾನ ಬಿಡ್ರಿ!"

"ನೀ ಕಣ್ಣು ಮುಚ್ಚಿ ಬಾರಸ್ತಿ ಮಾಮಾ" ಎಂದರು ಉಸ್ತಾದರು. "ಹಂಗ ಬಾರಸಾವ ಇದ್ದಾನಂತನ ಈ ಬ್ಯಾಂಡ್ ಅದ. ಆದ್ರ ಯಾರರ ಒಬ್ಬ ಕಣ್ಣು ತಗದು ಇರಬೇಕಲ್ಲ? ಇವ ದಿನಾ ಓಡಿ ಹೋಗಾವ. ಯಾರ ಕಾಲು ಯಾವಾಗ ಕಿತ್ತಾಕತ್ತದ ಅಂತ ಇವಂಗ ಮಾರಿ ನೋಡಿದ್ರನ ತಿಳೀತದ."

ಮಾಮಾನ ಕಾಲು ಕೀಳುತ್ತಿದ್ದದ್ದು ತಿಳಿಯಲು ಅಂಥ ಕಣ್ಣೇನೂ ಬೇಕಾಗಿರಲಿಲ್ಲ. "ನಾರಾಯಣಪುರದ ಮದಿವಿಗೆ ಮಾತು ಕೊಟ್ಟೇನಿ, ಅದೊಂದು ಬಾರಸ್ತೀನಿ. ಮರುದಿನ ಉಮರ್ಗಾದ ಬ್ಯಾಂಡಿಗೆ ಹೊಂಟೆ" ಎಂದು ಹೋದ. ಟ್ರಂಪೆಟ್ ಇಲ್ಲ, ಕ್ಲಾರ್ನೆಟ್ಟೂ ಹೋದರೆ ಉಳಿಯುವುದು ಢೋಲು, ಎರಡು ತಾಟು. ಅದಕ್ಕೆ ಬ್ಯಾಂಡ್ ಅನ್ನುವುದಿಲ್ಲ, ಡಂಗುರ ಅನ್ನುತ್ತಾರೆ.

೬. ನಾರಾಯಣಪುರ

ಮದುವೆಯ ದಿನ ಮುಂಜಾನೆ ಮಾಮಾನ ಹತ್ತಿರ ಹೋದೆ. "ಮಾಮಾ, ನಂಗ ಒಂದು ಧುನೂ ಬರಂಗಿಲ್ಲ. ಯಾವುದು ಬಾರಸಬೇಕು, ಎಲ್ಲಿ ನಿಲ್ಲಸಬೇಕು, ಎಲ್ಲಾ ನೀ ಹೇಳ್ದಂಗ. ನಾ ಬರೇ ನಿಮ್ಮ ಮಾರಿ ನೋಡ್ಕೊಂತ ನಡೀತೀನಿ" ಎಂದೆ. ಮಾಮಾ ಕ್ಲಾರ್ನೆಟ್ಟಿನ ಪೀಪಿ ನೀರಿನಲ್ಲಿ ನೆನೆಸುತ್ತಲೇ ಕುಳಿತ.

ಹಳೆಯ ಶಿವನ ಗುಡಿಯಿಂದ ಮೆರವಣಿಗೆ ಹೊರಟಿತು. ನಾನು ತುರಾಯಿ ಟೋಪಿ ಹಾಕಿಕೊಂಡು ಎಲ್ಲರ ಮುಂದೆ, ಹಿಂದಕ್ಕೆ ನಡೆಯುತ್ತಿದ್ದೆ. ನನ್ನ ಎದುರಿಗೆ ಬ್ಯಾಂಡು, ಬ್ಯಾಂಡಿನ ಹಿಂದೆ ಟೆಂಪೋ, ಟೆಂಪೋದಲ್ಲಿ ಉಸ್ತಾದರು ಬೀಗರಂತೆ ಆರಾಮ ಕುಳಿತಿದ್ದರು. ಅವತ್ತು ಮಾಮಾ ಕಣ್ಣು ಮುಚ್ಚಿರಲಿಲ್ಲ. ನಾನು ಎಲ್ಲಿ ತಪ್ಪುತ್ತೇನೆ ಎಂದು ನೋಡಲು ಎರಡೂ ಕಣ್ಣು ಬಿಟ್ಟು ನನ್ನನ್ನೇ ದಿಟ್ಟಿಸುತ್ತ ಊದುತ್ತಿದ್ದ. ಹೊಸ ಝಾಂಜಿನವನ ಕಣ್ಣು ಮಾಳಗಿ ಮೇಲಿತ್ತು.

ಧುನು ಅರ್ಧಕ್ಕೆ ಬಂದಿತ್ತು. ಮಾಮಾನ ಕಣ್ಣು ಒಮ್ಮೆಲೇ ದೊಡ್ಡದಾಯಿತು. ಎತ್ತು ಹಾಯಲು ಬಂದಾಗಲೂ ಧುನು ಬಿಡದವನು ಬಾಯಿಂದ ಕ್ಲಾರ್ನೆಟ್ ಕಿತ್ತು ತೆಗೆದ. "ಏ ಉಸ್ತಾದ! ಗಟಾರ!"

 ಉಸ್ತಾದರು ಟೆಂಪೋದಲ್ಲಿದ್ದಾರೆ! ಟೆಂಪೋದ ಗಾಲಿ ಗಟಾರಕ್ಕೆ ಹೊರಟಿತೋ ಏನೋ ಎಂದು ಬಗ್ಗಿ ಗಾಲಿ ನೋಡಿದೆ. ಸರಿಯಾಗಿ ಕಾಣಲಿಲ್ಲ. ಚೆನ್ನಾಗಿ ಕಾಣಲಿ ಎಂದು ಇನ್ನೊಂದು ಹೆಜ್ಜೆ ಹಿಂದೆ ಇಟ್ಟೆ.

ಸೊಂಟದ ತನಕ ಕರಿ ಕೆಸರು. ಮೇಲೆ ನೋಡಿದರೆ ಮದುಮಗ ಕುದುರೆಯ ಕುತ್ತಿಗೆ ಅಪ್ಪಿಕೊಂಡು ನಗುತ್ತಿದ್ದ. ಮಾಮಾ ಒಂದು ಕೈಯಲ್ಲಿ ಕ್ಲಾರ್ನೆಟ್ ಎತ್ತಿ ಹಿಡಿದು ಇನ್ನೊಂದು ಕೈ ನನಗೆ ಚಾಚಿದ್ದ.

"ಅಷ್ಟು ಚೀರಿದ್ರೂ ಕೇಳಂಗಿಲ್ಲೇನಲೇ ಉಸ್ತಾದ?"

"ಉಸ್ತಾದ ಅಂತ ನಂಗ ಅಂದಿ ಅಂತ ಗೊತ್ತಾಗಲಿಲ್ಲ ಮಾಮಾ."

"ಮತ್ತ್ಯಾರಿಗಿ ಅನ್ಲಿ? ಕುದುರಿಗಿ?" ಎನ್ನುತ್ತ ಎಳೆದು ಮೇಲೆ ಹಾಕಿದ. "ಏಳು. ಜನ್ಮದಾಗ ಮೊದಲ ಸಾರಿ ನನ್ನ ಧುನು ಅರ್ಧಕ್ಕ ನಿಂತದ."

"ನಾಳಿ ಉಮರ್ಗಾಕ್ಕ..."

"ಹ್ಯಾಂಗ ಹೋಗಲಿ? ನಾ ಹೋದ್ರ ನೀ ದಿನಾ ಬೀಳ್ತಿ."

ಅಷ್ಟರಲ್ಲಿ ಉಸ್ತಾದರು ಟೆಂಪೋದಿಂದ ಇಳಿದು ಬಂದರು. ಗಟಾರದಲ್ಲಿ ತೇಲುತ್ತಿದ್ದ ಟೋಪಿಯನ್ನು ಎತ್ತಿ, ತುರಾಯಿ ಜಾಡಿಸಿ, ಕೆಸರು ಸಮೇತ ನನ್ನ ತಲೆ ಮೇಲೆ ಒತ್ತಿ ಕೂಡಿಸಿದರು. ಆಮೇಲೆ ಮೂಗು ಮುಚ್ಚಿಕೊಂಡು, ಬಿದ್ದ ಆ ಎರಡು ಹಲ್ಲಿನ ಸಂದಿಯಿಂದ ಇಡೀ ಮೆರವಣಿಗೆಗೆ ಕೇಳುವ ಹಾಗೆ ಅಂದರು:

"ಯಾರೂ ಫಿಕರ್ ಮಾಡಬ್ಯಾಡ್ರಿ. ಇನ್ನ ಈ ಮಗ ಎಲ್ಲೂ ಓಡಿ ಹೋಗಂಗಿಲ್ಲ. ಈ ವಾಸನಿಗಿ ಯಾ ಕಂಡಕ್ಟರೂ ಬಸ್ ಹತ್ತಸ್ಕೊಳ್ಳಂಗಿಲ್ಲ."